ಮೂರು ಪಟ್ಟಿ, ಒಂದು ಟವೆಲ್ಲು

ನಾನು ಅಮೆರಿಕ ನೋಡಿದವನಲ್ಲ. ಆದರೆ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡಿದ್ದೇನೆ. ಅವರ ಅಂತರ್ಯುದ್ಧ, ಅವರ ಸೇನಾಪತಿಗಳು, ಯಾರ ಭುಜದ ಮೇಲೆ ಎಷ್ಟು ನಕ್ಷತ್ರ, ಯಾರ ತೋಳಿನ ಮೇಲೆ ಎಷ್ಟು ಪಟ್ಟಿ, ಎಲ್ಲವೂ ನನಗೆ ಬಾಯಿಪಾಠ. ಈಗ ನಿವೃತ್ತನಾಗಿ ಎಂಟು ವರ್ಷವಾಯಿತು. ಮಲ್ಲಂದೂರಿನ ಹತ್ತಿರ ಎಂಟು ಎಕರೆ ಕಾಫಿ ನೋಡಿಕೊಂಡಿದ್ದೇನೆ ಅನ್ನುವುದು ನನ್ನ ಮಾತು. ಕುರ್ಚಿ ಹಾಕಿಕೊಂಡು ಅದನ್ನು ಬರೀ ನೋಡುತ್ತಾ ಕೂತಿರುತ್ತೇನೆ ಅನ್ನುವುದು ಹೆಂಡತಿ ಪ್ರೇಮಕುಮಾರಿಯ ಮಾತು.

ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿದೆ. ವಯಸ್ಸಿನ ಸುಸ್ತು ಅಂತ ಡಾಕ್ಟರು ಹೇಳುತ್ತಾರೆ, ಅವರು ಅದನ್ನು ಹೇಳದೆ ಇನ್ನೇನು ಹೇಳಿಯಾರು. ಈ ವರ್ಷದ ಕುಯ್ಲಿನಲ್ಲಿ ಆದದ್ದನ್ನು ಬರೆದಿಟ್ಟರೆ ಸ್ವಲ್ಪ ಹಗುರಾಗಬಹುದೇನೋ ಎಂದು ಕೂತಿದ್ದೇನೆ.

ನಮ್ಮ ಕಡೆ ಐದಾರು ವರ್ಷದಿಂದ ಆನೆ ಕಾಟ. ಬೈನೆ ಮರ ಇರುವ ತೋಟವನ್ನಂತೂ, ಅದರ ತಿರುಳಿನ ಆಸೆಗೆ, ಅವು ಬಿಡುವುದೇ ಇಲ್ಲ. ಬೆಳಿಗ್ಗೆ ಹೆಂಗಸರು ಹಣ್ಣು ಕುಯ್ಯಲು ಒಳಗೆ ಹೋದರೆ ಯಾವ ಗಿಡದ ಮರೆಯಲ್ಲಿ ಏನು ನಿಂತಿದೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಸುತ್ತಮುತ್ತಲಿನ ಹತ್ತು ಹನ್ನೆರಡು ಬೆಳೆಗಾರರು ಸೇರಿ ಐದು ಜನ ಕಾವಲಿನವರನ್ನು ಇಟ್ಟುಕೊಂಡಿದ್ದೇವೆ. ಅವರಲ್ಲಿ ಹಾಲೇಶ ಹಳಬ. ನಲವತ್ತೈದರ ಆಸುಪಾಸಿನವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ, ಮಾತು ಕಡಿಮೆ. ಲದ್ದಿ ಮುಟ್ಟಿ ನೋಡಿ ಆನೆ ಎಷ್ಟು ಹೊತ್ತಿಗೆ ಹೋಗಿದೆ ಅಂತ ಹೇಳುತ್ತಾನೆ.

ಹಾಲೇಶನ ಕ್ರಮ ಹೀಗೆ. ಬೆಳಕು ಹರಿಯುತ್ತಿದ್ದ ಹಾಗೆ ಅವನೊಬ್ಬನೇ ತೋಟದೊಳಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಾನೆ. ಹೆಂಗಸರು ತೋಟದ ದಾರಿಗೆ ಅಡ್ಡ ಹಾಕಿದ ಉಣುಗೋಲಿನ ಹೊರಗೆ ಚೀಲ ಹಿಡಿದುಕೊಂಡು ಕೂತಿರುತ್ತಾರೆ. ವಾಪಸ್ ಬಂದವನು ಏನೂ ಮಾತಾಡುವುದಿಲ್ಲ. ಹೆಗಲ ಮೇಲಿನ ಕೆಂಪು ಟವೆಲ್ಲನ್ನು ತೆಗೆದು ಉಣುಗೋಲಿನ ಗಳುವಿಗೆ ಕಟ್ಟುತ್ತಾನೆ. ಟವೆಲ್ಲು ಕಟ್ಟಿದರೆ ಒಳಗೆ ಹೋಗಬಹುದು ಅಂತ ಅರ್ಥ. ಕಟ್ಟದಿದ್ದರೆ ತೋಟದ ಯಜಮಾನ ಬಂದು ಕೂಗಾಡಿದರೂ ಯಾರೂ ಏಳುವುದಿಲ್ಲ. ಇದನ್ನು ಯಾರೂ ಕಾನೂನು ಮಾಡಿದ್ದಲ್ಲ, ತಾನಾಗಿ ಬಂದದ್ದು.

ಕಳೆದ ಅಕ್ಟೋಬರಿನಲ್ಲಿ ನಮ್ಮ ಬೆಳೆಗಾರರ ಸಂಘದ ಅಧ್ಯಕ್ಷರಾದ ಸುರೇಂದ್ರ, ಇನ್ನೂರು ಎಕರೆಯ ದೊಡ್ಡ ಪ್ಲಾಂಟರು, ಕಾವಲಿನವರಿಗೆಲ್ಲ ಹಸಿರು ಯೂನಿಫಾರ್ಮ್ ಹೊಲಿಸಿದರು. ಬಟ್ಟೆ ನನ್ನ ಮುಂದೆ ಹಾಸಿ, "ಸರ್, ಇದಕ್ಕೊಂದು ಶಿಸ್ತು ಬೇಕಲ್ಲ. ಯಾರ ತೋಳಿಗೆ ಎಷ್ಟು ಪಟ್ಟಿ ಹಚ್ಚಬೇಕು, ಯಾರು ಯಾರ ಮಾತು ಕೇಳ್ಬೇಕು, ಎಲ್ಲ ನೀವೇ ಬರ್ದು ಕೊಡಿ. ಈ ವಿಷಯದಲ್ಲಿ ನಿಮ್ಮಷ್ಟು ಗೊತ್ತಿರೋರು ಜಿಲ್ಲೇಲೇ ಇಲ್ಲ" ಅಂದರು.

ಎಂಟು ವರ್ಷದಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಗ್ಯಾಸಿನ ಸಿಲಿಂಡರ್ ಬಂತಾ, ಬೆಳ್ಳುಳ್ಳಿ ತಂದ್ರಾ, ಇಷ್ಟೇ. ನಾನು ಉಬ್ಬಿಹೋದೆ.

ಮೂರು ದಿನ ಕೂತು ನಾಲ್ಕು ಪುಟ ಬರೆದೆ. ನಮ್ಮ ಸೈನ್ಯದಲ್ಲಿ ಬಾಣದಂಥ ಪಟ್ಟಿಯ ಮೊನೆ ಕೆಳಕ್ಕಿರುತ್ತದೆ, ಅಮೆರಿಕದವರದ್ದು ಮೇಲಕ್ಕೆ. ನಮ್ಮ ಕಾವಲಿನವರಿಗೂ ಮೇಲಕ್ಕೇ ಇರಲಿ ಎಂದು ಬರೆದೆ. ಏಳೂವರೆಯ ಒಳಗೆ ಸುತ್ತು ಮುಗಿಸಿ ಬರಬೇಕು ಎಂದು ಬರೆದೆ. ಮೂರು ಪಟ್ಟಿಯವನು ವಿಸಿಲ್ ಊದಿದ ಮೇಲೆ ಕೆಲಸದವರು ಒಳಗೆ ಹೋಗಬೇಕು ಎಂದು ಬರೆದೆ. ಕೊನೆಯಲ್ಲಿ, ಯೂನಿಫಾರ್ಮಿನ ಮೇಲೆ ಟವೆಲ್, ಮಫ್ಲರ್, ಶಾಲು ಇತ್ಯಾದಿ ಹಾಕತಕ್ಕದ್ದಲ್ಲ ಎಂದೂ ಬರೆದೆ. ಆ ಒಂದು ಸಾಲು ಬರೆಯುವಾಗ ನನಗೆ ಬಹಳ ಖುಷಿಯಾಗಿತ್ತು. ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೂರು ಪಟ್ಟಿ ಯಾರಿಗೆ? ಯೋಗೇಶನಿಗೆ ಕೊಟ್ಟೆ. ಆ ಐವರಲ್ಲೊಬ್ಬ, ಇಪ್ಪತ್ತೊಂಬತ್ತರವನು, ಬಿ.ಎ. ಮಾಡಿದವನು, ನನ್ನ ಕೊನೆಯ ಬ್ಯಾಚಿನ ಶಿಷ್ಯ. ವಾಟ್ಸಾಪಿನಲ್ಲಿ ಚೆನ್ನಾಗಿ ವರದಿ ಬರೆಯುತ್ತಿದ್ದ. ಹಾಲೇಶನಿಗೆ ಒಂದು ಪಟ್ಟಿ. ಕೊಟ್ಟಾಗ ಅವನು ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿ, "ಆಗ್ಲಿ ಮೇಷ್ಟ್ರೇ" ಅಂದ. ಟವೆಲ್ಲನ್ನು ಮಡಿಸಿ ಜೇಬಿಗೆ ತುರುಕಿಕೊಂಡ. ಜೇಬು ಸಣ್ಣದು, ಅರ್ಧ ಹೊರಗೇ ನೇತಾಡುತ್ತಿತ್ತು. ಅದನ್ನೂ ಒಳಗೆ ಹಾಕಿಕೋ ಅಂದೆ.

ನವೆಂಬರ್ ಕಳೆಯಿತು, ಡಿಸೆಂಬರಿನ ಮೊದಲ ಎರಡು ವಾರ ಕಳೆಯಿತು. ವಿಸಿಲ್ ಊದಿದರೂ ಹೆಂಗಸರು ಮೊದಲು ಹಾಲೇಶನ ಮುಖ ನೋಡಿಯೇ ಏಳುತ್ತಿದ್ದರು. ನನಗೆ ಅದು ಕಿರಿಕಿರಿ. ಶಿಸ್ತು ಬರಲು ಸಮಯ ಬೇಕು ಅಂತ ಯೋಗೇಶನಿಗೆ ಸಮಾಧಾನ ಹೇಳುತ್ತಿದ್ದೆ.

ಆ ಗುರುವಾರ ನನ್ನ ತೋಟದ ಕುಯ್ಲು. ಹತ್ತೊಂಬತ್ತು ಜನ ಸಿಕ್ಕಿದ್ದರು, ಅದೂ ಎರಡೇ ದಿನಕ್ಕೆ. ಶನಿವಾರದಿಂದ ಅವರು ಸುರೇಂದ್ರರ ಎಸ್ಟೇಟಿಗೆ. ಅರೇಬಿಕಾ ಹಣ್ಣಾಗಿ ಉದುರಲು ಶುರುವಾಗಿತ್ತು. ಮಂಜು ಇಳಿದು ಸಿಲ್ವರ್ ಓಕ್ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಏಳೂವರೆಯಾಯಿತು, ಏಳು ಮುಕ್ಕಾಲಾಯಿತು. ವಿಸಿಲ್ ಇಲ್ಲ. ನಾನು ಮನೆಯ ಮುಂದಿನ ಕಣದಲ್ಲಿ ನಿಂತು ಯೋಗೇಶನಿಗೆ ಫೋನ್ ಮಾಡಿದೆ.

"ಏನಯ್ಯಾ, ಇನ್ನೂ ಎಷ್ಟು ಹೊತ್ತು?"

"ಹಾಲೇಶಣ್ಣ ಬಂದಿಲ್ಲ ಸರ್."

"ಏಳೂವರೆ ಅಂತ ರೂಲ್ ಇದೆಯಲ್ಲ. ಅವನು ಎಲ್ಲೋ ಬೀಡಿ ಸೇದ್ತಾ ಕೂತಿರ್ತಾನೆ. ಊದು."

"ಒಂದೈದು ನಿಮಿಷ ನೋಡಾಣ ಸರ್."

"ನಿಂಗೆ ಮೂರು ಪಟ್ಟಿ ಯಾಕಪ್ಪ ಕೊಟ್ಟಿದ್ದು? ಒಂದು ಪಟ್ಟಿಯವನಿಗೆ ಕಾಯೋಕಾ? ಊದು ಅಂದ್ನಲ್ಲ."

ಊದಿದ. ಇಲ್ಲಿಗೆ ಕೇಳಿಸಿತು. ನಾನು ಒಳಗೆ ಹೋಗಿ ಎರಡನೇ ಕಾಫಿ ಕುಡಿದೆ.

ಹಾಲೇಶ ಬೀಡಿ ಸೇದುತ್ತಾ ಕೂತಿರಲಿಲ್ಲ. ಕೆಳಗಿನ ಹಳ್ಳದ ಹತ್ತಿರ ಬೈನೆ ಮುರಿದು ತಿನ್ನುತ್ತಿದ್ದ ಒಂಟಿ ಸಲಗವನ್ನು ನೋಡುತ್ತಾ, ಅದು ಯಾವ ಕಡೆ ತಿರುಗುತ್ತದೆ ಎಂದು ಕಾಯುತ್ತಾ, ಮರಕ್ಕೆ ಒರಗಿ ಉಸಿರು ಬಿಗಿಹಿಡಿದು ನಿಂತಿದ್ದ. ಮೇಲಿನಿಂದ ಹೆಂಗಸರ ಮಾತು ಕೇಳಿದ್ದೇ ಸಲಗ ಆ ಕಡೆಗೇ ನುಗ್ಗಿತು. ಹಾಲೇಶ ಕೂಗುತ್ತಾ ಅಡ್ಡ ಓಡಿ ಪಟಾಕಿ ಹಚ್ಚಿದ. ಎರಡನೆಯದು ಸಿಡಿದ ಮೇಲೆ ಅದು ತಿರುಗಿಕೊಂಡಿತಂತೆ. ಅಷ್ಟರಲ್ಲಿ ದಿಕ್ಕಾಪಾಲಾಗಿ ಓಡಿದವರಲ್ಲಿ ಯಶೋದಾ ಅನ್ನುವ ಹುಡುಗಿ ಚರಂಡಿಗೆ ಬಿದ್ದು ಅವಳ ಬಲಗಾಲು ಎರಡು ಕಡೆ ಮುರಿಯಿತು. ಇಪ್ಪತ್ನಾಲ್ಕು ವರ್ಷದವಳು. ಅವಳ ತಾಯಿ ವಿಮಲಮ್ಮನೂ ಅದೇ ಗುಂಪಿನಲ್ಲಿದ್ದಳು. ಜೀಪಿನ ಹಿಂದೆ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮಗಳೂರಿಗೆ ಹೋದಳು. ನಾನು ಮುಂದಿನ ಸೀಟಿನಲ್ಲಿದ್ದೆ.

ಭಾನುವಾರ ಸುರೇಂದ್ರರ ಬಂಗಲೆಯ ಜಗುಲಿಯಲ್ಲಿ ಮೀಟಿಂಗು. ಯೋಗೇಶ ಎದ್ದು ನಿಂತು, "ಹಾಲೇಶಣ್ಣ ಬಂದಾಯ್ತು ಅನ್ಕೊಂಡು ಊದಿದೆ ಸರ್. ಮಂಜಿತ್ತು" ಅಂದ. ಹಾಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ಸುರೇಂದ್ರ ನನ್ನ ನಾಲ್ಕು ಪುಟಗಳನ್ನು ತೆಗೆದು ಓದಿದರು. ಏಳೂವರೆಯ ಒಳಗೆ ಬರಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಹಾಲೇಶ ಬಂದಿರಲಿಲ್ಲ.

"ಏನಪ್ಪ ಹಾಲೇಶ, ಹೇಳೋದು ಏನಾದ್ರೂ ಇದ್ಯಾ?"

ಹಾಲೇಶ ಜಗುಲಿಯ ಕೆಳಗೆ ನಿಂತಿದ್ದ. ಯೂನಿಫಾರ್ಮನ್ನು ಒಗೆದು ಹಾಕಿಕೊಂಡು ಬಂದಿದ್ದ. ಒಮ್ಮೆ ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ, "ಏನಿಲ್ಲ ಸ್ವಾಮಿ" ಅಂದ.

ನಾನು ಬಾಯಿ ತೆರೆಯಬೇಕಿತ್ತು. ತೆರೆದದ್ದೂ ಹೌದು. ಸುರೇಂದ್ರರ ಮನೆಯವರು ಅಷ್ಟು ಹೊತ್ತಿಗೆ ಕಾಫಿ ತಂದರು, ಲೋಟ ತೆಗೆದುಕೊಂಡೆ. ಹಾಲೇಶನನ್ನು ಕೆಲಸದಿಂದ ಬಿಡಿಸುವುದು ಅಂತ ತೀರ್ಮಾನವಾಯಿತು. ಯಶೋದಾಳ ಆಸ್ಪತ್ರೆಯ ಖರ್ಚು ಸಂಘದ್ದು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ವಾಪಸ್ ಬರುವಾಗ ಯೋಗೇಶ ನನ್ನನ್ನು ಬೈಕಿನಲ್ಲಿ ಮನೆಗೆ ಬಿಟ್ಟ. ಗೇಟಿನ ಹತ್ತಿರ ಇಳಿದೆ.

"ಸರ್, ಆ ಐಸೆನ್‌ಹೋವರ್ ಚೀಟಿ ನೆನಪುಂಟಾ?" ಅಂದ.

ನನಗೆ ನೆನಪಿಲ್ಲದೆ ಏನು. ಮೂವತ್ತೊಂದು ವರ್ಷ ನಾನು ಅದನ್ನು ಹೇಳಿ ಕ್ಲಾಸನ್ನು ಮೌನ ಮಾಡಿಸಿದವನು. ಎರಡನೇ ಮಹಾಯುದ್ಧದಲ್ಲಿ ಶತ್ರು ಹಿಡಿದಿದ್ದ ನಾರ್ಮಂಡಿ ತೀರಕ್ಕೆ ಸೈನ್ಯ ಕಳಿಸುವ ಹಿಂದಿನ ದಿನ ಆ ಅಮೆರಿಕದ ಸೇನಾಪತಿ ಒಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದ. ಒಂದು ವೇಳೆ ಸೋತರೆ ಓದಲು. ಸೈನಿಕರು ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂಬುದು ಅದರ ಸಾರಾಂಶ. ಎಷ್ಟು ದಣಿದಿದ್ದನೆಂದರೆ ಜೂನ್ ಬದಲು ಜುಲೈ ಅಂತ ತಾರೀಕು ಹಾಕಿದ್ದ. ಯುದ್ಧ ಗೆದ್ದರು, ಚೀಟಿ ಬೇಕಾಗಲಿಲ್ಲ. ಭುಜದ ಮೇಲೆ ನಾಲ್ಕು ನಕ್ಷತ್ರ ಯಾಕೆ ಹಚ್ಚುತ್ತಾರೆ ಗೊತ್ತೇ, ಈ ಒಂದು ಚೀಟಿ ಬರೆಯಲಿಕ್ಕೆ ಎಂದು ನಾನು ಮೇಜು ಕುಟ್ಟುತ್ತಿದ್ದೆ.

"ಪರೀಕ್ಷೇಲಿ ಅದನ್ನೇ ಬರ್ದಿದ್ದೆ ಸರ್. ಹತ್ತಕ್ಕೆ ಒಂಬತ್ತು ಕೊಟ್ಟಿದ್ರಿ."

ಅಷ್ಟು ಹೇಳಿ ಬೈಕು ತಿರುಗಿಸಿಕೊಂಡು ಹೋದ. ನಾನು ಗೇಟಿನ ಅಗಳಿ ಹಾಕಿದೆ.

ಒಳಗೆ ಪ್ರೇಮಕುಮಾರಿ ಅವರೆಕಾಯಿ ಬಿಡಿಸುತ್ತಿದ್ದಳು. ಏನಾಯ್ತು ಅಂತ ಕೇಳಿದಳು, ಹೇಳಿದೆ.

"ಹಾಲೇಶನ್ನ ಬಿಡಿಸಿದ್ರಾ? ಮತ್ತೆ ನೀವು ಏನು ಹೇಳಿದ್ರಿ?"

"ಏನು ಹೇಳೋದು? ಆಗಿದ್ದು ಆಗಿಹೋಯ್ತು. ಸುಸ್ತಾಗಿದೆ ಮಾರಾಯ್ತಿ."

"ಕಣದಲ್ಲಿ ನಿಂತು ಫೋನಲ್ಲಿ ಕೂಗುವಾಗ ಸುಸ್ತಿರ್ಲಿಲ್ಲ" ಅಂದಳು. ಆಮೇಲೆ ಆ ದಿನವೆಲ್ಲ ಅವರೆಕಾಯಿಯ ಹತ್ತಿರ ಮಾತಾಡಿದಳೇ ಹೊರತು ನನ್ನ ಹತ್ತಿರ ಅಲ್ಲ.

ನನ್ನ ಕುಯ್ಲು ಅರ್ಧಕ್ಕೇ ನಿಂತಿತ್ತು. ಪಾಪ ಅಂತ ಸುರೇಂದ್ರ ಬುಧವಾರ ಅವರ ಗುಂಪನ್ನು ಒಂದು ದಿನಕ್ಕೆ ನನಗೆ ಬಿಟ್ಟುಕೊಟ್ಟರು. ಬೆಳಿಗ್ಗೆ ಏಳಕ್ಕೆ ನಾನೇ ಉಣುಗೋಲಿನ ಹತ್ತಿರ ಹೋದೆ. ಹದಿನೆಂಟು ಹೆಂಗಸರು ಸಾಲಾಗಿ ಕೂತಿದ್ದರು. ವಿಮಲಮ್ಮನೂ ಬಂದಿದ್ದಳು. ಮಗಳು ಆಸ್ಪತ್ರೆಯಲ್ಲಿ, ತಾಯಿ ಕೆಲಸಕ್ಕೆ, ಬರದಿದ್ದರೆ ಮನೆ ನಡೆಯಬೇಕಲ್ಲ. ಯೋಗೇಶ ಇನ್ನಿಬ್ಬರನ್ನು ಕರೆದುಕೊಂಡು ಸುತ್ತು ಹಾಕಿ ಬಂದ. ಏಳೂವರೆಗೆ ಸರಿಯಾಗಿ ವಿಸಿಲ್ ಊದಿದ.

ಯಾರೂ ಏಳಲಿಲ್ಲ.

ಇನ್ನೊಮ್ಮೆ ಊದಿದ. ಒಬ್ಬಳು ಎಲೆ ಅಡಿಕೆ ಡಬ್ಬಿ ತೆಗೆದಳು. ಇನ್ನೊಬ್ಬಳು ಚೀಲವನ್ನು ಮಡಿಸಿ ಅದರ ಮೇಲೆ ಸರಿಯಾಗಿ ಕೂತುಕೊಂಡಳು.

"ಏಳ್ರಮ್ಮ, ಒಳಗೆ ಏನಿಲ್ಲ. ಅವ್ರು ನೋಡಿ ಬಂದಿದ್ದಾರಲ್ಲ" ಅಂದೆ.

ಎಲೆ ಅಡಿಕೆಯವಳು ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು. ನನಗೆ ಸಿಟ್ಟು ಬಂತು. ನನ್ನ ಹೆಗಲ ಮೇಲಿನ ಬಿಳಿ ಟವೆಲ್ಲನ್ನು ತೆಗೆದು ಉಣುಗೋಲಿಗೆ ಕಟ್ಟಿದೆ. "ತಗೊಳ್ಳಿ, ಇದೇ ತಾನೇ ನಿಮಗೆ ಬೇಕಾಗಿದ್ದು?"

ವಿಮಲಮ್ಮ ಎದ್ದು ಬಂದಳು. ಗಂಟು ಬಿಚ್ಚಿದಳು. ಟವೆಲ್ಲನ್ನು ಜಾಡಿಸಿ, ಮಡಿಸಿ, ನನ್ನ ಕೈಗೆ ಕೊಟ್ಟಳು.

"ನೀವು ಒಳಗೆ ಹೋಗಿದ್ರಾ ಮೇಷ್ಟ್ರೇ?"

"ಇಲ್ಲ."

"ಮತ್ತೆ ಕಟ್ಟದು ಹ್ಯಾಗೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಕೂಗಾಡಿ ಮನೆಗೆ ಹೋಗಿಬಿಡುತ್ತಿದ್ದೆ. ನಿದ್ದೆಗೆಟ್ಟ ಮುಖ, ಆಸ್ಪತ್ರೆಯ ಬೆಂಚಿನ ಮೇಲೆ ಆರು ರಾತ್ರಿ ಮಲಗಿ ಬಂದ ಮುಖ. ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ.

"ವಿಮಲಮ್ಮ, ಆವತ್ತು ಊದು ಅಂತ ಹೇಳಿದ್ದು ನಾನು. ಯೋಗೇಶ ಕಾಯಾಣ ಅಂದ. ನಾನೇ ಬೈದು ಊದಿಸಿದೆ. ಹಾಲೇಶಂದು ಏನೂ ತಪ್ಪಿಲ್ಲ."

ಎಲೆ ಅಡಿಕೆಯವಳು ಪಕ್ಕಕ್ಕೆ ಉಗಿದಳು.

"ಗೊತ್ತು" ಅಂದಳು ವಿಮಲಮ್ಮ.

"ಯಾರು ಹೇಳಿದ್ರು? ಯೋಗೇಶನಾ?"

"ಅವ್ನು ಯಾಕೆ ಹೇಳ್ಬೇಕು? ಅವ್ನ ಫೋನು ಊರಿಗೆಲ್ಲ ಕೇಳ್ತದೆ. ನೀವು ಬೈತಾ ಇದ್ದಿದ್ದು ನಮಗೆಲ್ಲ ಕೇಳ್ತು. ಒಂದು ಪಟ್ಟಿಯವನಿಗೆ ಕಾಯೋಕಾ ಅಂದ್ರಲ್ಲ, ಅದೂ ಕೇಳ್ತು. ನಿಮ್ಮ ತೋಟ, ನೀವು ಹೇಳಿದ್ದು ಅಂತ ಒಳಗೆ ಹೋದ್ವಿ. ಹೋಗಬಾರ್ದಿತ್ತು."

"ಹಾಲೇಶನಿಗೂ ಗೊತ್ತಾ?"

"ಅವತ್ತೇ ಹೇಳಿದ್ವಿ. ಮೇಷ್ಟ್ರು ದೊಡ್ಡೋರು, ಅವ್ರೇ ಹೇಳ್ತಾರೆ ಬಿಡಿ ಅಂದ."

ಅವನು ಜಗುಲಿಯ ಕೆಳಗೆ ನಿಂತು ನನ್ನನ್ನು ನೋಡಿದ್ದು ಅದಕ್ಕೆ. ನಾನು ಕಾಫಿ ಲೋಟ ತೆಗೆದುಕೊಂಡಿದ್ದೆ. ನನಗೆ ಅಳು ಬಂತು. ಅರವತ್ತೆಂಟರ ವಯಸ್ಸಿನಲ್ಲಿ, ಹದಿನೆಂಟು ಜನ ಕೂಲಿ ಹೆಂಗಸರ ಮುಂದೆ, ಕಲ್ಲಿನ ಮೇಲೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡೆ. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

"ನಮ್ಮತ್ರ ಹೇಳಿದ್ರೆ ಏನು ಬಂತು ಮೇಷ್ಟ್ರೇ. ಹೇಳ್ಬೇಕಾದೋರಿಗೆ ಹೇಳಿ" ಅಂದಳು ವಿಮಲಮ್ಮ.

ಅಲ್ಲೇ ಕೂತು ಸುರೇಂದ್ರರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಮೊನ್ನೆ ಮೀಟಿಂಗಲ್ಲೇ ಹೇಳ್ಬಹುದಿತ್ತಲ್ಲ ಸರ್."

"ಹೇಳಬಹುದಿತ್ತು."

"ಹಾಲೇಶನ್ನ ನಾನು ಎಲ್ಲರೆದುರು ನಿಲ್ಲಿಸಿ ಕೇಳಿದ್ನಲ್ಲ, ಥೂ." ಅವರು ಥೂ ಅಂದದ್ದು ನನಗೋ ತಮಗೋ ಗೊತ್ತಾಗಲಿಲ್ಲ. "ಅವ್ನು ವಾಪಸ್ ಬರ್ತಾನಾ ಕೇಳಿ. ಆ ನಾಲ್ಕು ಪುಟ ನಾನು ಒಲೆಗೆ ಹಾಕ್ತೀನಿ."

ಯೋಗೇಶ ಆಗಲೇ ಬೈಕು ಶುರು ಮಾಡಿದ್ದ. ಅರ್ಧ ಗಂಟೆಯಲ್ಲಿ ಹಾಲೇಶನನ್ನು ಹಿಂದೆ ಕೂರಿಸಿಕೊಂಡು ಬಂದ. ಹಳೆಯ ಖಾಕಿ ಚಡ್ಡಿ, ಮಾಸಿದ ಅಂಗಿ, ಹೆಗಲ ಮೇಲೆ ಕೆಂಪು ಟವೆಲ್ಲು. ಕೈಯಲ್ಲಿ ಮಡಿಸಿದ ಹಸಿರು ಯೂನಿಫಾರ್ಮು, ಅದರ ಮೇಲೆ ಬಿಚ್ಚಿದ ಆ ಒಂದು ಪಟ್ಟಿ. ಹೆಂಡತಿ ಬ್ಲೇಡಿನಿಂದ ನೀಟಾಗಿ ಬಿಚ್ಚಿದ್ದಳು, ಒಂದು ದಾರವೂ ಉಳಿದಿರಲಿಲ್ಲ.

"ಹಾಲೇಶ, ನಂದು ತಪ್ಪಾಯ್ತಪ್ಪ" ಅಂದೆ. ಎದ್ದು ನಿಂತೇ ಹೇಳಿದೆ. "ಎಲ್ಲರೆದುರಿಗೆ ಹೇಳ್ತಾ ಇದೀನಿ."

"ಆಗ್ಲಿ ಮೇಷ್ಟ್ರೇ." ಬಟ್ಟೆಯನ್ನು ನನ್ನ ಕೈಗೆ ಕೊಟ್ಟ. "ಇದು ನಂಗೆ ಬೇಡ. ಗಿಡದ ಹಸಿರು, ಬಟ್ಟೆ ಹಸಿರು, ಹಿಂದೆ ಬರೋರಿಗೆ ನಾನು ಎಲ್ಲಿದೀನಿ ಅಂತ್ಲೇ ಕಾಣದಿಲ್ಲ. ಮತ್ತೊಂದು ಸಲ ಸುತ್ತು ಹಾಕ್ಬೇಕು. ನೀವೂ ಬನ್ನಿ. ನಿಮ್ಮ ತೋಟ ಅಲ್ವಾ, ನೋಡ್ಕೊಳ್ಳಿ."

ಎಂಟು ಎಕರೆಯನ್ನು ನಾನು ನಡೆದು ನೋಡಿ ಮೂರು ವರ್ಷವಾಗಿತ್ತು. ಹಾಲೇಶ ಮುಂದೆ, ನಾನು ಹಿಂದೆ. ಇಳಿಜಾರಿನಲ್ಲಿ ಕಾಲು ನಡುಗುತ್ತಿತ್ತು. ಮಂಜು ಇನ್ನೂ ಎದ್ದಿರಲಿಲ್ಲ, ನಾಲ್ಕು ಗಿಡದಾಚೆ ಅವನ ಮೈ ಕಾಣುತ್ತಿರಲಿಲ್ಲ, ಟವೆಲ್ಲು ಮಾತ್ರ ಕಾಣುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಅಧಿಕಾರಿಗಳ ಹೆಲ್ಮೆಟ್ಟಿಗೆ ಬಿಳಿ ಪಟ್ಟಿ ಬಳಿಯುತ್ತಿದ್ದರು. ಮುಂದೆ ಬಳಿದರೆ ಶತ್ರು ಗುರಿ ಇಡುತ್ತಾನೆ, ಅದಕ್ಕೆ ಹಿಂಭಾಗಕ್ಕೆ. ಹಿಂದೆ ಬರುವವರಿಗೆ ಯಾರ ಹಿಂದೆ ಹೋಗಬೇಕೆಂದು ಗೊತ್ತಾದರೆ ಸಾಕು. ಇದನ್ನೂ ನಾನು ವರ್ಷ ವರ್ಷ ಪಾಠ ಮಾಡಿದ್ದೆ. ನಾಲ್ಕು ಪುಟ ಬರೆಯುವಾಗ ಮಾತ್ರ ಇದು ನೆನಪಾಗಿರಲಿಲ್ಲ.

ಹಳ್ಳದ ಹತ್ತಿರ ಆ ಮುರಿದ ಬೈನೆ ಮರ ತೋರಿಸಿದ. ಯಶೋದಾ ಬಿದ್ದ ಚರಂಡಿ ತೋರಿಸಿದ. ಅಲ್ಲಿ ಅವಳ ಒಂದು ಚಪ್ಪಲಿ ಇನ್ನೂ ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡೆ.

ವಾಪಸ್ ಬಂದು ಹಾಲೇಶ ಟವೆಲ್ಲು ಬಿಚ್ಚಿ ಉಣುಗೋಲಿಗೆ ಕಟ್ಟಿದ. ಹದಿನೆಂಟು ಹೆಂಗಸರೂ ಒಟ್ಟಿಗೆ ಎದ್ದರು, ಸೀರೆ ಮೇಲೆ ಕಟ್ಟಿಕೊಂಡರು, ಮಾತಾಡುತ್ತಾ ಒಳಗೆ ಹೋದರು. ವಿಮಲಮ್ಮ ಕೊನೆಯಲ್ಲಿದ್ದಳು. ನನ್ನ ಕೈಯಿಂದ ಮಗಳ ಚಪ್ಪಲಿ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು. ಆಮೇಲೆ ಕಂಕುಳಿನಲ್ಲಿದ್ದ ಎರಡು ಚೀಲಗಳಲ್ಲಿ ಒಂದನ್ನು ನನ್ನ ಕಡೆ ಚಾಚಿದಳು.

"ಯಶೋದಾನ ಸಾಲು ಖಾಲಿ ಇದೆ ಮೇಷ್ಟ್ರೇ" ಅಂದಳು.

ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡೆ. ಬಲಗಡೆ ವಿಮಲಮ್ಮನ ಸಾಲು, ಎಡಗಡೆ ಎಲೆ ಅಡಿಕೆಯವಳದ್ದು, ನಡುವೆ ನಾನು. ಹಸಿರು ಕಾಯಿ ಕೀಳಬೇಡಿ, ಕೊಂಬೆ ಎಳೀಬೇಡಿ ಅಂತ ಇಬ್ಬರೂ ದಿನವೆಲ್ಲ ಬೈದರು. ಸಂಜೆ ತೂಕಕ್ಕೆ ಇಟ್ಟಾಗ ನನ್ನ ಚೀಲ ಹನ್ನೊಂದು ಕಿಲೋ ಬಂತು. ಯಶೋದಾಳ ಹೆಸರಿಗೆ ಬರೆಸಿದೆ. ಅವಳು ದಿನಕ್ಕೆ ಅರವತ್ತು ಕುಯ್ಯುತ್ತಿದ್ದಳಂತೆ.